ಝೂಮ್ ಇರುವಾಗ ಕ್ಯಾಮೆರಾ ಹತ್ತಿರ ಹೋಗುವುದೇಕೆ?

ಪ್ರಶ್ನೆ: ಇದ್ದಲ್ಲಿಂದಲೇ ಝೂಮ್ ಮಾಡಿದರೂ ಕ್ಲೋಸಪ್ ಸಿಗುತ್ತದೆ. ಹಾಗಿದ್ದರೂ ಟ್ರಾಲಿ ಹಾಕಿ ಕ್ಯಾಮೆರಾವನ್ನು ನಟನ ಹತ್ತಿರ ಒಯ್ಯುವುದೇಕೆ?

ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತಲೇ ಇದೆ. ಝೂಮ್ ಮಾಡಿ ತೆಗೆದದ್ದೂ ಕ್ಲೋಸಪ್ಪೇ, ಅದರಲ್ಲಿ ತಕರಾರಿಲ್ಲ. ಲಾಂಗ್, ಮಿಡ್, ಕ್ಲೋಸಪ್ ಎಂಬ ಹೆಸರುಗಳು ಚೌಕಟ್ಟಿನಲ್ಲಿ ವ್ಯಕ್ತಿ ಎಷ್ಟು ಜಾಗ ತುಂಬಿದ್ದಾನೆ ಎಂಬುದನ್ನಷ್ಟೇ ಹೇಳುತ್ತವೆ. ಅಷ್ಟಕ್ಕೇ ‘ಎರಡೂ ಒಂದೇ’ ಎಂದುಬಿಟ್ಟರೆ ಮಾತ್ರ ನಾನು ಸುಮ್ಮನಿರಲಾರೆ.

ಲೆಕ್ಕ ಹಾಕಿ ನೋಡಿ. ನಟನ ಹಿಂದೆ 3 ಮೀಟರ್ ದೂರದಲ್ಲಿ ಒಂದು ಕಿಟಕಿಯಿದೆ. ಕ್ಯಾಮೆರಾ ಅವನಿಂದ 1 ಮೀಟರ್ ದೂರದಲ್ಲಿದ್ದರೆ ಕಿಟಕಿಗೆ 4 ಮೀಟರ್. ಮುಖದ ಪಕ್ಕದಲ್ಲೇ ಇದ್ದಿದ್ದರೆ ಎಷ್ಟು ದೊಡ್ಡದಾಗಿ ಕಾಣುತ್ತಿತ್ತೋ, ಅದರ ಕಾಲು ಭಾಗಕ್ಕೆ ಕಿಟಕಿ ಕುಗ್ಗಿ ಕಾಣುತ್ತದೆ. ಈಗ ಕ್ಯಾಮೆರಾವನ್ನು 6 ಮೀಟರ್ ದೂರಕ್ಕೆ ಒಯ್ದು, ಮುಖ ಮೊದಲಿನಷ್ಟೇ ದೊಡ್ಡದಾಗುವವರೆಗೆ ಝೂಮ್ ಮಾಡಿ. ಕಿಟಕಿಗೆ 9 ಮೀಟರ್. ಕುಗ್ಗುವುದು ಮೂರನೇ ಎರಡು ಭಾಗಕ್ಕೆ ಮಾತ್ರ. ಮುಖ ಅಷ್ಟೇ ಇದೆ, ಕಿಟಕಿ ಮಾತ್ರ ಎರಡೂವರೆ ಪಟ್ಟಿಗಿಂತಲೂ ಹಿಗ್ಗಿ ಅವನ ಬೆನ್ನಿಗೇ ಅಂಟಿಕೊಂಡಂತೆ ಕಾಣುತ್ತದೆ. ಮೊದಲನೆಯದರಲ್ಲಿ ನಾವು ಅವನ ಎದುರು ಕುಳಿತಿದ್ದೇವೆ. ಎರಡನೆಯದರಲ್ಲಿ ದೂರದಿಂದ ಕದ್ದು ನೋಡುತ್ತಿದ್ದೇವೆ.

ಇಲ್ಲಿಗೆ ಬಂದವರು ಕೂಡಲೇ ಹೇಳುವುದು: ‘ಅಂದರೆ ದೂರದ್ದನ್ನು ದೊಡ್ಡದಾಗಿ ತೋರಿಸುವ ಟೆಲಿ ಲೆನ್ಸ್ ಹಿನ್ನೆಲೆಯನ್ನು ಎಳೆದು ತರುತ್ತದೆ.’ ಇಲ್ಲ ಸ್ವಾಮಿ, ಲೆನ್ಸ್ ಏನನ್ನೂ ಎಳೆಯುವುದಿಲ್ಲ! ಒಂದೇ ಜಾಗದಿಂದ 24 ಎಂ.ಎಂ. (ಅಗಲ ನೋಟದ) ಮತ್ತು 85 ಎಂ.ಎಂ. (ಟೆಲಿ) ಲೆನ್ಸುಗಳಲ್ಲಿ ಒಂದೊಂದು ಚಿತ್ರ ತೆಗೆಯಿರಿ. ಮೊದಲನೆಯದರ ನಡುಭಾಗವನ್ನು ಕತ್ತರಿಸಿ ಹಿಗ್ಗಿಸಿ, ಎರಡನೆಯದರ ಪಕ್ಕಕ್ಕಿಡಿ. ಸ್ಪಷ್ಟತೆ ಕಡಿಮೆಯಿದ್ದೀತು, ಹಿನ್ನೆಲೆಯ ಮಸುಕಿನಲ್ಲೂ ವ್ಯತ್ಯಾಸವಿದ್ದೀತು. ಮುಖ–ಕಿಟಕಿಗಳ ಅನುಪಾತ ಮಾತ್ರ ಒಂದೇ. ಅದನ್ನು ನಿರ್ಧರಿಸುವುದು ಕ್ಯಾಮೆರಾ ನಿಂತ ಜಾಗ. ಎಷ್ಟನ್ನು ಚೌಕಟ್ಟಿನೊಳಗೆ ಉಳಿಸಬೇಕು ಎಂಬುದಷ್ಟೇ ಲೆನ್ಸಿನ ಪಾಲಿನ ಕೆಲಸ.

ಇನ್ನೂ ಅನುಮಾನವಿದ್ದರೆ ನಿರ್ದೇಶಕ ಹಿಚ್‌ಕಾಕ್ ಅವರ 1958ರ ಸಿನಿಮಾ ‘ವರ್ಟಿಗೊ’ದಲ್ಲಿ ಗೋಪುರದ ಮೆಟ್ಟಿಲುಗಳ ನಡುವಿನ ಆಳವನ್ನು ಮೇಲಿನಿಂದ ತೋರಿಸುವ ಶಾಟ್ ನೋಡಿ. ಕ್ಯಾಮೆರಾದ ಚಲನೆ ಒಂದು ಕಡೆಗೆ, ಝೂಮ್ ಅದಕ್ಕೆ ವಿರುದ್ಧ. ಎರಡೂ ಒಂದೇ ಆಗಿದ್ದರೆ ಒಂದನ್ನೊಂದು ಹೊಡೆದುಹಾಕಿ ಚಿತ್ರ ಅಲುಗಾಡದೆ ನಿಲ್ಲಬೇಕಿತ್ತು. ಅಲ್ಲಿ ಮೆಟ್ಟಿಲುಗಳೇ ಪಾತಾಳಕ್ಕೆ ಜಾರುತ್ತವೆ.

ಯಾರೂ ಕೇಳದ ಇನ್ನೊಂದು ವಿಷಯ. ಸೆಲ್ಫಿಯಲ್ಲಿ ಮೂಗು ದಪ್ಪಗೆ ಕಾಣುವುದಕ್ಕೂ ಮೊಬೈಲ್ ಕಂಪನಿಯನ್ನು ಬೈಯಬೇಡಿ. ಕಿವಿ ಮೂಗಿನ ತುದಿಗಿಂತ 12 ಸೆಂ.ಮೀ. ಹಿಂದಿದೆ ಎಂದುಕೊಂಡರೆ, 40 ಸೆಂ.ಮೀ. ದೂರದ ಕ್ಯಾಮೆರಾಗೆ ಮೂಗು ಕಿವಿಗಿಂತ 1.3 ಪಟ್ಟು ಹಿಗ್ಗುತ್ತದೆ; 2 ಮೀಟರ್ ದೂರದಿಂದ ಬರೀ 1.06 ಪಟ್ಟು. ಮೊಬೈಲನ್ನು ದೂರವಿಟ್ಟು, ಟೈಮರ್ ಹಾಕಿ, ಬೇಕಾದಷ್ಟನ್ನು ಆಮೇಲೆ ಕತ್ತರಿಸಿಕೊಳ್ಳಿ.