ಆರನೇ ದಿನ ಎರಡು ಸಲ

ಹಳೇ ಲ್ಯಾಟಿನ್ ಪೂಜಾವಿಧಿ ಪಾಲಿಸುವ ಕಥೋಲಿಕ ಕ್ರೈಸ್ತರಿಗೆ ವರ್ಷದ ಕ್ಯಾಲೆಂಡರ್ ಜೋಡಿಸಿಕೊಡುವುದು ನನ್ನ ಕೆಲಸ. ಯಾವ ದಿನ ಯಾವ ಸಂತರ ಹಬ್ಬ, ಗುರುಗಳ ಉಡುಪು ಯಾವ ಬಣ್ಣದ್ದು, ಎಲ್ಲ ಅದರಲ್ಲಿರಬೇಕು. ಶುರುವಿನಲ್ಲಿ ಒಂದು ಅಧಿಕ ವರ್ಷ ಪ್ರೇಷಿತ (ಅಂದರೆ ಯೇಸುವಿನ ಹನ್ನೆರಡು ಮುಖ್ಯ ಶಿಷ್ಯರ ಸಾಲಿಗೆ ಸೇರಿದ) ಸಂತ ಮತ್ತೀಯರ ಹಬ್ಬವನ್ನು ಎಂದಿನಂತೆ ಫೆಬ್ರವರಿ 24ಕ್ಕೇ ಬರೆದುಬಿಟ್ಟಿದ್ದೆ. ಕರಡು ನೋಡಿದ ಹಿರಿಯ ಫಾದರ್, "ಈ ವರ್ಷ ಹಬ್ಬ 25ಕ್ಕಲ್ವಾ?" ಅಂದರು. ಹೆಚ್ಚಿನ ದಿನ ಬರುವುದು 29ಕ್ಕೆ. ಅದಕ್ಕೂ 24ಕ್ಕೂ ಏನು ಸಂಬಂಧ ಅಂತ ತಲೆ ಕೆರೆದುಕೊಂಡೆ.

ಸಂಬಂಧ ಇರುವುದು ರೋಮನ್ನರ ಎಣಿಕೆಯಲ್ಲಿ. ಅವರು ನಮ್ಮ ಹಾಗೆ 1, 2, 3 ಅಂತ ಮುಂದಕ್ಕೆ ಎಣಿಸುತ್ತಿರಲಿಲ್ಲ. ತಿಂಗಳ ಮೊದಲ ದಿನಕ್ಕೆ ಕಲೆಂಡೆ ಎಂದು ಹೆಸರು; ಕ್ಯಾಲೆಂಡರ್ ಎಂಬ ಮಾತು ಹುಟ್ಟಿದ್ದೇ ಅಲ್ಲಿಂದ. ಅದಕ್ಕೆ ಇನ್ನೆಷ್ಟು ದಿನ ಅಂತ ಹಿಂದಕ್ಕೆ ಎಣಿಸುತ್ತಿದ್ದರು, ಮೊದಲನೇ ತಾರೀಖನ್ನೂ ಸೇರಿಸಿಕೊಂಡು. ಮಾರ್ಚ್ 1 ಒಂದು, ಫೆಬ್ರವರಿ 28 ಎರಡು, 27 ಮೂರು. ಹೀಗೆ ಹೋದರೆ 24 ಆರನೇ ದಿನ.

ಜೂಲಿಯಸ್ ಸೀಸರ್ ಕ್ರಿ.ಪೂ. 46ರಲ್ಲಿ ಕ್ಯಾಲೆಂಡರ್ ಸರಿಪಡಿಸಿದಾಗ ಹೆಚ್ಚಿನ ದಿನವನ್ನು ತಿಂಗಳ ಕೊನೆಗೆ ಅಂಟಿಸಲಿಲ್ಲ. ಅದಕ್ಕೂ ಮೊದಲು ರೋಮನ್ನರು ಆಗಾಗ ಒಂದು ಅಧಿಕ ಮಾಸವನ್ನೇ ಸೇರಿಸುತ್ತಿದ್ದರು, ಅದೂ ಫೆಬ್ರವರಿ 23ರ ಆಸುಪಾಸಿನಲ್ಲಿ. ಸೀಸರನ ದಿನಕ್ಕೂ ಅದೇ ಜಾಗ ಸಿಕ್ಕಿತು. ಆರನೇ ದಿನವನ್ನೇ ಎರಡು ಸಲ ಎಣಿಸಿದರು. ಲ್ಯಾಟಿನ್‌ನಲ್ಲಿ ಬಿಸ್ ಅಂದರೆ ಎರಡು ಸಲ, ಸೆಕ್ಸ್ಟುಸ್ ಅಂದರೆ ಆರನೆಯದು. ಹಾಗಾಗಿ ಆ ದಿನ ಬಿಸ್ಸೆಕ್ಸ್ಟುಸ್ ಆಯಿತು. ಪಂಚಾಂಗ ನೋಡುವವರಿಗೆ ಇದು ಹೊಸದೇನಲ್ಲ. ಒಂದೇ ತಿಥಿ ಎರಡು ಸೂರ್ಯೋದಯಕ್ಕೆ ಸಿಕ್ಕರೆ ಎರಡೂ ದಿನ ಅದೇ ತಿಥಿ ಬರೆಯುವುದಿಲ್ಲವೇ? ಕಾರಣ ಬೇರೆ, ಬರೆಯುವ ರೀತಿ ಮಾತ್ರ ಒಂದೇ.

ಈಗ ಅಧಿಕ ವರ್ಷದಲ್ಲಿ ಮಾರ್ಚ್ 1ರಿಂದ ಹಿಂದಕ್ಕೆ ಎಣಿಸಿ ನೋಡಿ. ಆರನೇ ದಿನ 25ಕ್ಕೆ ಬರುತ್ತದೆ. ಮತ್ತೀಯರ ಹಬ್ಬ ಇರುವುದು ಆ ಆರನೇ ದಿನಕ್ಕೆ. ಹಬ್ಬ ಮುಂದೆ ಹೋಯಿತು ಅಂತ ನಾವು ಹೇಳುತ್ತೇವೆ. ನಿಜಕ್ಕೂ ಹಬ್ಬ ಕದಲಿಲ್ಲ, ನಮ್ಮ ತಾರೀಖು ಕದಲಿತು ಅಷ್ಟೆ. 27ಕ್ಕೆ ಬರುವ ವ್ಯಾಕುಲಮಾತೆಯ ಸಂತ ಗಾಬ್ರಿಯೇಲರ ಹಬ್ಬವೂ ಹೀಗೇ 28ಕ್ಕೆ ಕಾಣುತ್ತದೆ. 23ರವರೆಗಿನ ಹಬ್ಬಗಳಿಗೆ ಏನೂ ಆಗುವುದಿಲ್ಲ.

ಭಾನುವಾರ ಗುರುತಿಸುವ ಅಕ್ಷರಗಳಿಗೂ ಈ ಬಿಸಿ ತಟ್ಟುತ್ತದೆ. ವರ್ಷದ ದಿನಗಳಿಗೆ ಎ ಇಂದ ಜಿ ತನಕ ಏಳು ಅಕ್ಷರ ಸುತ್ತುತ್ತಾ ಹೋಗುತ್ತವೆ; ಭಾನುವಾರಕ್ಕೆ ಬೀಳುವ ಅಕ್ಷರವೇ ಆ ವರ್ಷದ ಭಾನುವಾರದ ಅಕ್ಷರ. ಅಧಿಕ ವರ್ಷದಲ್ಲಿ 24, 25 ಎರಡಕ್ಕೂ ಎಫ್. ಅದರಿಂದ ಭಾನುವಾರದ ಅಕ್ಷರ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. 2024 ಜಿಯಲ್ಲಿ ಶುರುವಾಗಿ ಎಫ್‌ನಲ್ಲಿ ಮುಗಿಯಿತು.

ಕಥೋಲಿಕ ಚರ್ಚಿನ 1969ರ ಕ್ಯಾಲೆಂಡರ್ ಸುಧಾರಣೆ ಮತ್ತೀಯರನ್ನು ಮೇ 14ಕ್ಕೆ ಕಳಿಸಿತು. ಹೊಸ ಕ್ಯಾಲೆಂಡರಿನಲ್ಲಿ ಹೆಚ್ಚಿನ ದಿನ ಸುಮ್ನೆ 29. ಸರಳ, ಒಪ್ಪುತ್ತೇನೆ. ಆದರೂ ಎರಡು ಸಾವಿರ ವರ್ಷದ ಹಳೇ ಎಣಿಕೆ ಒಂದು ಹಬ್ಬದ ತಾರೀಖಿನಲ್ಲಿ ಇಣುಕುತ್ತಿತ್ತಲ್ಲ, ಅದು ನನಗೆ ಇಷ್ಟ.

ಹಳೇ ಕ್ಯಾಲೆಂಡರಿನಲ್ಲಿ 2024ರ ಫೆಬ್ರವರಿ 25 ತಪಸ್ಸುಕಾಲದ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳ, ಎರಡನೇ ಭಾನುವಾರ. ಅದರ ಮುಂದೆ ಮತ್ತೀಯರ ಹಬ್ಬಕ್ಕೆ ಜಾಗ ಸಿಗಲಿಲ್ಲ. 2028ರಲ್ಲಿ ಆ ತೊಂದರೆ ಇಲ್ಲ, ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಬರುವುದೇ ಮಾರ್ಚ್ 1ಕ್ಕೆ. ಗುರುವಾರ 24 ಖಾಲಿ, ಶುಕ್ರವಾರ 25 ಮತ್ತೀಯರು, ಸೋಮವಾರ 28 ಗಾಬ್ರಿಯೇಲರು. ಈಗಲೇ ಪೆನ್ಸಿಲ್‌ನಲ್ಲಿ ಗುರುತು ಹಾಕಿಟ್ಟಿದ್ದೇನೆ.