ಹೆಸರು ಲೀಗ್, ಆಡಿದ್ದು 18 ದಿನ

2017ರ ಜನವರಿ ಕೊನೆಗೆ ದೆಹಲಿಯ ಅಂಬೇಡ್ಕರ್ ಸ್ಟೇಡಿಯಂಗೆ ಆರು ಮಹಿಳಾ ಫುಟ್‌ಬಾಲ್ ತಂಡಗಳು ಬಂದವು. ಒಂದು ಹರಿಯಾಣದ ಭಿವಾನಿ ಜಿಲ್ಲೆಯ ಅಲಖ್‌ಪುರ ಅನ್ನೋ ಹಳ್ಳಿಯದು. ಇನ್ನೊಂದು ಚೆನ್ನೈ ಕಡೆಯ ಜೇಪ್ಪಿಯಾರ್ ಕಾಲೇಜಿನದು. ಕಟಕ್‌ನಿಂದ ರೈಸಿಂಗ್ ಸ್ಟೂಡೆಂಟ್ ಕ್ಲಬ್, ಇಂಫಾಲದಿಂದ ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್. ಗಂಡಸರ ಫುಟ್‌ಬಾಲ್ ನೋಡುವವರಿಗೆ ಗುರುತು ಸಿಗುವ ಹೆಸರು ಎರಡೇ: ಐಜ್ವಾಲ್ ಎಫ್‌ಸಿ ಮತ್ತು ಎಫ್‌ಸಿ ಪುಣೆ ಸಿಟಿ.

ಇಂಡಿಯನ್ ವಿಮೆನ್ಸ್ ಲೀಗ್ ಶುರುವಾಗಿದ್ದು ಹೀಗೆ. ಜನವರಿ 28ಕ್ಕೆ ಮೊದಲ ಪಂದ್ಯ, ಫೆಬ್ರವರಿ 14ಕ್ಕೆ ಫೈನಲ್. ಇಂಫಾಲದ ತಂಡ ಕಟಕ್‌ನವರನ್ನು 3-0ಯಿಂದ ಸೋಲಿಸಿತು. ಮಾರನೇ ದಿನದಿಂದ ಎಲ್ಲರೂ ಅವರವರ ಊರಿಗೆ. ಮುಂದಿನ ಲೀಗ್ ಯಾವಾಗ? ಒಂದು ವರ್ಷ ಕಾಯಬೇಕು.

ಈ ಲೀಗ್‌ನ ಕಥೆಯನ್ನು ಚಾಂಪಿಯನ್‌ಗಳ ಪಟ್ಟಿ ಹಿಡಿದು ಹೇಳೋದು ಸುಲಭ. ನನಗೇನೋ ದಿನಗಳನ್ನು ಎಣಿಸಿದರೆ ಜಾಸ್ತಿ ಅರ್ಥವಾಗುತ್ತದೆ ಅನ್ನಿಸುತ್ತದೆ. ಆಟಗಾರ್ತಿಗೆ ವರ್ಷದಲ್ಲಿ ಎಷ್ಟು ದಿನ ಆಟವೋ ಅಷ್ಟು ದಿನ ಕೆಲಸ. ಅಷ್ಟೇ ಲೆಕ್ಕ.

ಹಾಗಂತ ಹೆಣ್ಣುಮಕ್ಕಳು ಫುಟ್‌ಬಾಲ್ ಆಡೋಕೆ ಶುರು ಮಾಡಿದ್ದು 2017ರಲ್ಲೇನೂ ಅಲ್ಲ. 1975ರಲ್ಲೇ ಭಾರತೀಯ ಮಹಿಳಾ ಫುಟ್‌ಬಾಲ್ ಫೆಡರೇಷನ್ ಹುಟ್ಟಿತ್ತು. ಗಂಡಸರ ಆಟ ನೋಡಿಕೊಳ್ಳುತ್ತಿದ್ದ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ಗೂ (ಎಐಎಫ್‌ಎಫ್) ಅದಕ್ಕೂ ಸಂಬಂಧವಿರಲಿಲ್ಲ. ಆದರೂ ಆ ಕಾಲದ ತಂಡ ಕೋಯಿಕ್ಕೋಡ್‌ನಲ್ಲಿ ನಡೆದ 1980ರ ಏಷ್ಯಾ ಕಪ್‌ನಲ್ಲಿ ಫೈನಲ್ ತಲುಪಿತು. 1983ರಲ್ಲಿ ಮತ್ತೊಮ್ಮೆ ತಲುಪಿತು. ಅದೇ ವರ್ಷ ಶಾಂತಿ ಮಲ್ಲಿಕ್‌ಗೆ ಅರ್ಜುನ ಪ್ರಶಸ್ತಿ ಬಂತು. ಫುಟ್‌ಬಾಲ್‌ನಲ್ಲಿ ಅದನ್ನು ಪಡೆದ ಮೊದಲ ಮಹಿಳೆ ಅವರು. ಎರಡು ಸಲ ಏಷ್ಯಾ ಫೈನಲ್ ಆಡಿದ ದೇಶದಲ್ಲಿ ಹೆಣ್ಣುಮಕ್ಕಳಿಗೆ ರಾಷ್ಟ್ರೀಯ ಲೀಗ್ ಬರೋಕೆ ಮೂವತ್ತು ವರ್ಷದ ಮೇಲಾಯಿತು!

ನಡುವೆ ಇದ್ದದ್ದು ರಾಜ್ಯ ತಂಡಗಳ ರಾಷ್ಟ್ರೀಯ ಚಾಂಪಿಯನ್‌ಶಿಪ್. ಮಹಿಳಾ ಫುಟ್‌ಬಾಲ್ ಎಐಎಫ್‌ಎಫ್ ಕೈಗೆ ಬಂದ ಮೇಲೆ ಅದರಲ್ಲಿ ಮಣಿಪುರದ್ದೇ ದರ್ಬಾರು. ಭಾರತ ತಂಡದ ನಾಯಕಿಯಾಗಿದ್ದ ಬೆಂಬೆಮ್ ದೇವಿ ಅಲ್ಲಿಂದಲೇ ಬಂದವರು. ಮೊದಲ ಲೀಗ್ ಗೆದ್ದ ಇಂಫಾಲದ ತಂಡದಲ್ಲಿ ಅವರೂ ಇದ್ದರು. ಆ ಊರಿನ ಇನ್ನೊಂದು ತಂಡದ ಹೆಸರು ಕ್ರಿಪ್ಸಾ. ಬಿಡಿಸಿ ಹೇಳಿದರೆ ಕಾಂಗ್‌ಚುಪ್ ರೋಡ್ ಯಂಗ್ ಫಿಸಿಕಲ್ ಆ್ಯಂಡ್ ಸ್ಪೋರ್ಟ್ಸ್ ಅಸೋಸಿಯೇಷನ್. ಒಂದು ರಸ್ತೆಯ ಹುಡುಗರು ಸೇರಿ ಸಂಘ ಕಟ್ಟಿದ ಹಾಗಿದೆ, ಅಲ್ವಾ? ಆ ಸಂಘದ ಹುಡುಗಿಯರು ಎರಡು ಸಲ ದೇಶದ ಲೀಗ್ ಫೈನಲ್ ಆಡಿದರು. ದೊಡ್ಡ ಕ್ಲಬ್‌ಗಳು ಇನ್ನೂ ಯೋಚನೆ ಮಾಡುತ್ತಾ ಕೂತಿದ್ದಾಗ ಲೀಗನ್ನು ಹೊತ್ತು ನಡೆದದ್ದು ಇಂಥ ತಂಡಗಳು.

ಮುಂದಿನ ವರ್ಷಗಳಲ್ಲಿ ಲೀಗ್ ಊರೂರು ಸುತ್ತಿತು. 2018ರಲ್ಲಿ ಶಿಲ್ಲಾಂಗ್, ರೈಸಿಂಗ್ ಸ್ಟೂಡೆಂಟ್ ಗೆದ್ದಿತು. 2019ರಲ್ಲಿ ಲೂಧಿಯಾನ, ಮಧುರೈನ ಸೇತು ಎಫ್‌ಸಿ ಗೆದ್ದಿತು. 2020ರ ಪಂದ್ಯಗಳು ಬೆಂಗಳೂರಿನ ಫುಟ್‌ಬಾಲ್ ಸ್ಟೇಡಿಯಂನಲ್ಲಿ. ಫೈನಲ್‌ನಲ್ಲಿ ಗೋಕುಲಂ ಕೇರಳ ಮತ್ತು ಕ್ರಿಪ್ಸಾ 2-2ರಲ್ಲಿದ್ದಾಗ, ಕೊನೇ ಹಂತದಲ್ಲಿ ನೇಪಾಳದ ಸಬಿತ್ರಾ ಭಂಡಾರಿ ಗೋಲ್ ಹೊಡೆದು ಆಟ ಮುಗಿಸಿದರು. ಹಿಂದಿನ ವರ್ಷ ಆಕೆ ಸೇತು ತಂಡದಲ್ಲಿದ್ದರು. ಆಮೇಲೆ ಕೊರೊನಾ ಬಂತು, ಒಂದು ಇಡೀ ಸೀಸನ್ನೇ ಹೋಯಿತು.

ಎಲ್ಲ ತಂಡಗಳನ್ನೂ ಒಂದೇ ಊರಿಗೆ ಕರೆಸಿ ಆಡಿಸೋದರಲ್ಲಿ ಖರ್ಚು ಕಡಿಮೆ, ನಿಜ. ಆದರೆ ಮಧುರೈ ತಂಡದ ಪಂದ್ಯವನ್ನು ಮಧುರೈಯವರು ನೋಡೋದು ಯಾವಾಗ? ಟಿಕೆಟ್ ಯಾರು ತಗೋಬೇಕು? ಪಂದ್ಯಗಳ ನಡುವೆ ಒಂದೆರಡು ದಿನದ ಬಿಡುವು. ಸಣ್ಣ ಗಾಯವಾದರೂ ಸೀಸನ್ ಮುಗಿದ ಹಾಗೆ. ಇದನ್ನು ಲೀಗ್ ಅನ್ನೋದಕ್ಕಿಂತ ಟೂರ್ನಿ ಅಂದರೆ ಸರಿ.

2022ರಲ್ಲಿ ಒಡಿಶಾದಲ್ಲಿ ಗೋಕುಲಂ ಆಡಿದ ಹನ್ನೊಂದು ಪಂದ್ಯವನ್ನೂ ಗೆದ್ದು ಮತ್ತೆ ಚಾಂಪಿಯನ್ ಆಯಿತು. ಅದರ ಬಹುಮಾನವೇ ಏಷ್ಯಾದ ಕ್ಲಬ್ ಚಾಂಪಿಯನ್‌ಶಿಪ್. ಆಗಸ್ಟ್‌ನಲ್ಲಿ ತಂಡ ಉಜ್ಬೇಕಿಸ್ತಾನದ ತಾಷ್ಕೆಂಟ್‌ಗೆ ಹೋಗಿ ಇಳಿಯಿತು. ಅದೇ ಹೊತ್ತಿಗೆ ಫಿಫಾದ ಆದೇಶ ಬಂತು: ಭಾರತದ ಫೆಡರೇಷನ್ ಅಮಾನತು. ಎಐಎಫ್‌ಎಫ್ ಚುನಾವಣೆಯ ಜಗಳ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, ಆಡಳಿತವನ್ನು ಒಂದು ಸಮಿತಿ ನೋಡಿಕೊಳ್ಳುತ್ತಿತ್ತು. ಅದು ಹೊರಗಿನವರ ಹಸ್ತಕ್ಷೇಪ ಅನ್ನೋದು ಫಿಫಾ ವಾದ. ಆ ಜಗಳಕ್ಕೂ ಈ ಹುಡುಗಿಯರಿಗೂ ಏನು ಸಂಬಂಧ? ಕ್ಲಬ್ ಪ್ರಧಾನಿಗೂ ಮೊರೆ ಇಟ್ಟಿತು. ಏನೂ ಆಗಲಿಲ್ಲ. ಆಗಸ್ಟ್ 23ಕ್ಕೆ ಉಜ್ಬೇಕಿಸ್ತಾನದ ಸೊಗ್ಡಿಯಾನಾ, 26ಕ್ಕೆ ಇರಾನಿನ ಬಾಮ್ ಖಾತೂನ್ ಎದುರು ಆಡಬೇಕಿದ್ದವರು ಬ್ಯಾಗ್ ಕಟ್ಟಿಕೊಂಡು ವಾಪಸ್ ಬಂದರು. ಅಮಾನತು ತೆರವಾಗಿದ್ದು ಸರಿಯಾಗಿ ಆ 26ನೇ ತಾರೀಖಿಗೇ.

2023ರಲ್ಲಿ ಅಹಮದಾಬಾದ್‌ನಲ್ಲಿ 16 ತಂಡಗಳು ಆಡಿದವು. ನಮ್ಮ ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ ಫೈನಲ್‌ವರೆಗೂ ಬಂದು ಗೋಕುಲಂ ಕೈಯಲ್ಲಿ 5-0 ತಿಂದಿತು. ನಿಜವಾದ ಬದಲಾವಣೆ ಬಂದದ್ದು ಅದೇ ವರ್ಷದ ಕೊನೆಗೆ. ತಂಡಗಳನ್ನು ಏಳಕ್ಕೆ ಇಳಿಸಿ, ಒಂದು ಪಂದ್ಯ ಸ್ವಂತ ಊರಲ್ಲಿ, ಒಂದು ಎದುರಾಳಿಯ ಊರಲ್ಲಿ ಅಂತ ಮಾಡಿದರು. ಡಿಸೆಂಬರ್‌ನಲ್ಲಿ ಶುರುವಾದ ಸೀಸನ್ ಮಾರ್ಚ್‌ವರೆಗೆ ನಡೆಯಿತು. ಒಂದೊಂದು ತಂಡಕ್ಕೆ 12 ಪಂದ್ಯ. ಉಳಿದವರಿಗೆ ಐಡಬ್ಲ್ಯುಎಲ್ 2 (ಇಂಡಿಯನ್ ವಿಮೆನ್ಸ್ ಲೀಗ್ 2) ಅಂತ ಎರಡನೇ ದರ್ಜೆಯ ಲೀಗ್. ಒಡಿಶಾ ಎಫ್‌ಸಿ ಗೆದ್ದು ಗೋಕುಲಂನ ಓಟ ನಿಲ್ಲಿಸಿತು.

ಆ ಸೀಸನ್‌ಗೆ ಮೊದಲೇ ಇನ್ನೊಂದು ನಿಯಮ ಬಂದಿತ್ತು. ಮೇಲಿನ ದರ್ಜೆಯ ಪ್ರತಿ ಕ್ಲಬ್ಬೂ ಕನಿಷ್ಠ ಹತ್ತು ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ 3.2 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ಒಪ್ಪಂದ ಕೊಡಬೇಕು ಅಂತ. ತಿಂಗಳಿಗೆ ಹತ್ತಿರಹತ್ತಿರ 26,700 ರೂಪಾಯಿ. ದೊಡ್ಡ ಮೊತ್ತವೇನಲ್ಲ. ಹನ್ನೊಂದನೆಯವಳಿಗೆ ಅದರ ಖಾತ್ರಿಯೂ ಇಲ್ಲ. ಆದರೂ ಕೆಲವೇ ವಾರದ ಟೂರ್ನಿ ಆಡಿಸುತ್ತಿದ್ದ ಕಡೆ ‘ವರ್ಷಕ್ಕೆ’ ಅನ್ನೋ ಮಾತು ಬಂತಲ್ಲ, ನನ್ನ ಪ್ರಕಾರ ಅದು ಚಾಂಪಿಯನ್ ಯಾರು ಅನ್ನೋದಕ್ಕಿಂತ ದೊಡ್ಡ ಸುದ್ದಿ.

ಇಷ್ಟಾದರೂ ಹೊರಗೆ ಹೋದಾಗ ಅಂತರ ಕಾಣುತ್ತದೆ. 2024ರ ಅಕ್ಟೋಬರ್‌ನಲ್ಲಿ ಏಷ್ಯಾದ ಹೊಸ ಮಹಿಳಾ ಚಾಂಪಿಯನ್ಸ್ ಲೀಗ್‌ನಲ್ಲಿ ಒಡಿಶಾ ಎಫ್‌ಸಿ ಜಪಾನಿನ ಉರಾವಾ ರೆಡ್ ಡೈಮಂಡ್ಸ್ ಎದುರು 17-0ಯಿಂದ ಸೋತಿತು. ಅರ್ಹತಾ ಸುತ್ತು ಗೆದ್ದು ಅಲ್ಲಿಗೆ ಹೋಗಿದ್ದ ತಂಡವೇ ಅದು. ಸುಮ್ನೆ ನಕ್ಕು ಬಿಡೋ ಅಂಕಿ ಅಲ್ಲ ಇದು.

2025ರ ಏಪ್ರಿಲ್‌ನಲ್ಲಿ ಈಸ್ಟ್ ಬೆಂಗಾಲ್ ಲೀಗ್ ಗೆದ್ದಿತು. ಕೋಚ್ ಆ್ಯಂಟನಿ ಆ್ಯಂಡ್ರ್ಯೂಸ್, ಹಿಂದೆ ಗೋಕುಲಂಗೆ ಎರಡು ಕಪ್ ಗೆದ್ದುಕೊಟ್ಟವರು. ನವೆಂಬರ್‌ನಲ್ಲಿ ಅವರ ತಂಡ ಚಾಂಪಿಯನ್ಸ್ ಲೀಗ್ ಆಡಲು ಚೀನಾದ ವುಹಾನ್‌ಗೆ ಹೋಯಿತು. ಮೊದಲ ಪಂದ್ಯದ ಎದುರಾಳಿ ಬಾಮ್ ಖಾತೂನ್. ಮೂರು ವರ್ಷದ ಹಿಂದೆ ಗೋಕುಲಂಗೆ ಆಡೋಕೇ ಸಿಗದೇ ಹೋದ ತಂಡ. ಈಸ್ಟ್ ಬೆಂಗಾಲ್ 3-1ರಿಂದ ಗೆದ್ದಿತು.