ನರ್ಸಿಂಗ್ ತರಗತಿಗೆ ಪಿಬಿಎಲ್ ಬಂದ ದಾರಿ

ಸಮಸ್ಯಾಧಾರಿತ ಕಲಿಕೆ, ಚುಟುಕಾಗಿ ಪಿಬಿಎಲ್, ಎಂದರೆ ಒಂದು ಸಮಸ್ಯೆಯನ್ನು ಮುಂದಿಟ್ಟುಕೊಂಡು ಚಿಕ್ಕ ಗುಂಪಿನಲ್ಲಿ ಅದನ್ನು ಬಿಡಿಸುತ್ತಾ ಕಲಿಯುವ ಪದ್ಧತಿ. ಅದು ನರ್ಸಿಂಗ್ ಶಿಕ್ಷಣಕ್ಕೆ ಹೊಂದುತ್ತದೆಯೇ ಎಂಬ ವಾದ ಇನ್ನೂ ಮುಗಿದಿಲ್ಲ. ವಾದಿಸುವ ಇಬ್ಬರೂ ಬೇರೆ ಬೇರೆ ಪಿಬಿಎಲ್ ಕಂಡವರಾಗಿರುವುದು ಅದಕ್ಕೆ ಅರ್ಧ ಕಾರಣ.

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಅವರ ನರ್ಸಿಂಗ್ ಶಾಲೆ ತೆರೆದ ಮೇಲೆ ನೂರು ವರ್ಷ ಈ ವಿದ್ಯೆ ಬಹುಪಾಲು ವಾರ್ಡಿನಲ್ಲೇ, ದುಡಿಯುತ್ತಲೇ ಕಲಿಯುವಂಥದ್ದಾಗಿತ್ತು. ಪಿಬಿಎಲ್ ಹುಟ್ಟಿದ್ದು ಬೇರೆ ಮನೆಯಲ್ಲಿ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ 1969ರಲ್ಲಿ ಮೊದಲ ತಂಡವನ್ನು ಸೇರಿಸಿಕೊಂಡು, ಉಪನ್ಯಾಸದ ಬದಲು ರೋಗಿಯ ಕಥೆಯಿಂದಲೇ ಪಾಠ ಶುರುಮಾಡಿತು. ನೆದರ್‌ಲೆಂಡ್ಸ್‌ನ ಮಾಸ್ಟ್ರಿಕ್ಟ್ ನಗರದ ವೈದ್ಯಕೀಯ ಶಾಲೆ 1974ರಲ್ಲಿ ಅದೇ ದಾರಿ ಹಿಡಿಯಿತು. ಗೊತ್ತಿಲ್ಲದ ಪದ ಬಿಡಿಸಿಕೊಳ್ಳುವುದರಿಂದ ಹಿಡಿದು ಓದಿ ಬಂದದ್ದನ್ನು ಒಟ್ಟುಗೂಡಿಸುವವರೆಗಿನ ‘ಏಳು ಹೆಜ್ಜೆ’ ಅಲ್ಲಿಯದು.

ನರ್ಸಿಂಗ್‌ನಲ್ಲಿ ಇದು ವ್ಯಾಪಕವಾಗಿ ಹರಡಿದ್ದು ತರಬೇತಿ ಆಸ್ಪತ್ರೆಯ ಅಂಗಳ ಬಿಟ್ಟು ಕಾಲೇಜಿಗೆ ಹೊರಟ ಕಾಲದಲ್ಲಿ. ಆಸ್ಟ್ರೇಲಿಯಾ 1984ರಲ್ಲಿ ಆ ನಿರ್ಧಾರ ಮಾಡಿತು. ಬ್ರಿಟನ್ನಿನಲ್ಲಿ ಅದೇ ಬದಲಾವಣೆಗೆ ‘ಪ್ರಾಜೆಕ್ಟ್ 2000’ ಎಂಬ ಯೋಜನೆ ಬಂತು. ತರಗತಿಯಲ್ಲಿ ಕೂತು ಕಲಿತವರಿಗೆ ವಾರ್ಡಿನ ಕೆಲಸ ಬಂದೀತೇ ಎಂಬ ಆಕ್ಷೇಪ ಎದ್ದಿತು. ಅದಕ್ಕೆ ಉತ್ತರವಾಗಿ ಪಿಬಿಎಲ್‌ನ ಕೇಸ್ ಹಾಳೆ, ಅಂದರೆ ಚರ್ಚೆಗೆಂದು ರೋಗಿಯ ಕಥೆ ಬರೆದ ಹಾಳೆ, ಕೈಗೆ ಸಿಕ್ಕಿತು.

ತೊಡಕು ಅಲ್ಲೇ ಇತ್ತು. ವೈದ್ಯರ ಕೇಸ್ ಬಹುಮಟ್ಟಿಗೆ ‘ಇದು ಯಾವ ಕಾಯಿಲೆ?’ ಎಂಬಲ್ಲಿಗೆ ಮುಟ್ಟುತ್ತದೆ. ನರ್ಸ್‌ಗೆ ಕಾಯಿಲೆಯ ಹೆಸರು ಗೊತ್ತಾದ ಮೇಲೂ ಕೆಲಸ ಬೇಕಾದಷ್ಟಿದೆ. ಪಾರ್ಶ್ವವಾಯು ಹೊಡೆದ ರೋಗಿ ನೀರು ಕೇಳುತ್ತಿದ್ದಾರೆ ಎನ್ನಿ. ನುಂಗುವ ಶಕ್ತಿ ಪರೀಕ್ಷಿಸದೆ ಕೊಟ್ಟರೆ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಮಾತು ಬಿದ್ದುಹೋಗಿದ್ದರೆ ನೋವಿದೆಯೇ ಎಂದು ತಿಳಿಯುವುದು ಹೇಗೆ? ಇವುಗಳಲ್ಲಿ ಮೊದಲು ಯಾವುದು, ಯಾವಾಗ ವೈದ್ಯರನ್ನು ಕರೆಯಬೇಕು? ಒಳ್ಳೆಯ ನರ್ಸಿಂಗ್ ಕೇಸ್ ಇದನ್ನು ಗಂಟೆಗಂಟೆಗೂ ಬಿಚ್ಚುತ್ತಾ ಹೋಗುತ್ತದೆ. ಅಂಥದ್ದನ್ನು ಬರೆಯಲು ವಾರ್ಡಿನ ಅನುಭವವೂ ಬೇಕು, ಬಿಡುವೂ ಬೇಕು. ಎರಡನೆಯದು ಬೋಧಕರಿಗೆ ಸಿಕ್ಕಿದ್ದು ಅಪರೂಪ. ಹಾಗಾಗಿ ವೈದ್ಯಕೀಯದ ಕೇಸ್‌ಗಳೇ ಅಲ್ಪಸ್ವಲ್ಪ ತಿದ್ದುಪಡಿಯೊಂದಿಗೆ ಓಡಾಡಿದವು.

ಇನ್ನು ಗುಂಪಿನ ಲೆಕ್ಕ. ಮೂಲ ಪದ್ಧತಿಯಲ್ಲಿ ಒಬ್ಬ ಟ್ಯೂಟರ್ ಸುತ್ತ ಬೆರಳೆಣಿಕೆಯ ಮಂದಿ. ನರ್ಸಿಂಗ್‌ಗೆ ಸೇರುವವರು ಹೆಚ್ಚು, ಬೋಧಕರು ಕಡಿಮೆ. ಗುಂಪು ದೊಡ್ಡದಾದಂತೆ ಮಾತಾಡುವವರು ನಾಲ್ವರು, ಮಿಕ್ಕವರು ಕೇಳುಗರು; ಅಂದರೆ ಉಪನ್ಯಾಸವೇ, ಉಪನ್ಯಾಸಕರು ಮಾತ್ರ ಇಲ್ಲ. ಟ್ಯೂಟರ್ ಪಾತ್ರವೂ ಸುಲಭದ್ದಲ್ಲ: ಉತ್ತರ ಗೊತ್ತಿದ್ದೂ ತಡೆದುಕೊಂಡು, ಚರ್ಚೆ ಹಳ್ಳ ಹಿಡಿದಾಗ ಸರಿಯಾದ ಪ್ರಶ್ನೆ ಎಸೆಯಬೇಕು. ಆ ತರಬೇತಿಯನ್ನು ‘ಆಮೇಲೆ ನೋಡೋಣ’ ಎಂದು ಮುಂದೂಡಿದ ಕಡೆ ವಿದ್ಯಾರ್ಥಿಗಳ ದೂರು ಒಂದೇ: ‘ನಮಗೆ ಯಾರೂ ಪಾಠವನ್ನೇ ಮಾಡಲಿಲ್ಲ.’

ಪುರಾವೆಗಳೂ ಒಂದೇ ದನಿಯಲ್ಲಿ ಮಾತಾಡುವುದಿಲ್ಲ. ವೈದ್ಯಕೀಯ ಶಿಕ್ಷಣದ ಬಗ್ಗೆ 1993ರಲ್ಲಿ ಬಂದ ಎರಡು ದೊಡ್ಡ ವಿಮರ್ಶೆಗಳ ಪ್ರಕಾರ ಪಿಬಿಎಲ್ ವಿದ್ಯಾರ್ಥಿಗಳಿಗೆ ಕಲಿಕೆ ಹೆಚ್ಚು ಹಿಡಿಸಿತ್ತು. ಮೂಲವಿಜ್ಞಾನದ ಅಂಕಗಳಲ್ಲಿ ಮಾತ್ರ ಕೆಲವೊಮ್ಮೆ ಹಿಂದೆ ಬಿದ್ದಿದ್ದರು. ಹೊಸಬರಿಗೆ ಮಾರ್ಗದರ್ಶನ ಕಡಿಮೆಯಾದರೆ ಕಲಿಕೆ ಕುಂಟುತ್ತದೆ ಎಂದು ಕಿರ್ಶ್ನರ್, ಸ್ವೆಲ್ಲರ್ ಮತ್ತು ಕ್ಲಾರ್ಕ್ ಎಂಬ ಕಲಿಕೆಯ ಸಂಶೋಧಕರು 2006ರಲ್ಲಿ ಕಟುವಾಗಿ ಬರೆದರು. ಸರಿಯಾಗಿ ನಡೆಸಿದ ಪಿಬಿಎಲ್‌ನಲ್ಲಿ ಮಾರ್ಗದರ್ಶನ ಬೇಕಾದಷ್ಟಿರುತ್ತದೆ ಎಂಬ ಉತ್ತರ ಮರುವರ್ಷವೇ ಬಂತು. ಎರಡನ್ನೂ ಓದಿದವರಿಗೆ ಜಗಳ ‘ಸರಿಯಾಗಿ ನಡೆಸಿದ’ ಎಂಬ ಎರಡು ಪದಗಳ ಸುತ್ತಲೇ ಇರುವುದು ಕಾಣುತ್ತದೆ.

ಹಲವು ಶಾಲೆಗಳು ಈಗ ಉಪನ್ಯಾಸ, ಕೇಸ್ ಚರ್ಚೆ, ಗೊಂಬೆಯನ್ನೇ ರೋಗಿಯೆಂದುಕೊಂಡು ಮಾಡುವ ಅಭ್ಯಾಸ (ಸಿಮ್ಯುಲೇಷನ್) ಮೂರನ್ನೂ ಬೆರೆಸುತ್ತಿವೆ. ಪ್ರಶ್ನೆಪತ್ರಿಕೆ ಇನ್ನೂ ವ್ಯಾಖ್ಯೆ, ಲಕ್ಷಣಗಳ ಪಟ್ಟಿಯನ್ನೇ ಕೇಳುವ ಕಡೆ, ಪರೀಕ್ಷೆ ಹತ್ತಿರವಾದಂತೆ ವಿದ್ಯಾರ್ಥಿಗಳು ಕೇಸ್ ಹಾಳೆ ಬದಿಗಿಟ್ಟು ನೋಟ್ಸ್ ಹುಡುಕುತ್ತಾರೆ.